ಇದು ನಿನ್ನೆಯ ಗಾಳಿನೇನಾ?

ಎರೆಮಣ್ಣು, ವಿಜಯಪುರ – ಜೂನ್ 24

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಆರು ವರ್ಷ. ಮೊನ್ನೆ ಸಂಜೆ ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದ್ದೆ. ಅವಳೂ ಹಿಂದೆ ಬಂದಳು. ಮಿರಗ, ಅಂದರೆ ಮೃಗಶಿರಾ ಮಳೆ ಮುಗಿದು ಆರಿದ್ರಾ ಮಳೆ ಹೊಕ್ಕ ಹೊತ್ತು. ಮಳೆ ಇಲ್ಲ, ಬರೀ ಗಾಳಿ. ತಂತಿಯ ಮೇಲಿನ ಸೀರೆ ಅಡ್ಡಕ್ಕೆ ಎದ್ದು ಪಟಪಟ ಹೊಡೆದುಕೊಳ್ಳುತ್ತಿತ್ತು. ಮಗಳು ಮೊದಲು ನನ್ನ ಕಾಲು ತಬ್ಬಿ ನಿಂತಳು. ಆಮೇಲೆ ಮೆಲ್ಲಗೆ ಕೈ ಬಿಟ್ಟಳು. ಬಾಯಿ ದೊಡ್ಡದಾಗಿ ತೆರೆದು ಗಾಳಿಗೆ ಮುಖ ಕೊಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಅವ್ವಾ, ಇದು ನಿನ್ನೆಯ ಗಾಳಿನೇನಾ? ಇಲ್ಲಾ ಹೊಸಾದಾ?"

ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಸರಿಯಾಗಿ ನಿದ್ದೆಯೂ ಬರಲಿಲ್ಲ.

ನಾನು ಬೆಳೆದದ್ದು ಇಂಡಿ ಕಡೆಯ ಒಂದು ಹಳ್ಳಿಯಲ್ಲಿ. ಅಂಗಳಕ್ಕೆ ಬಂದು ನಿಂತರೆ ಸಾಕು, ಗಾಳಿ ಯಾವ ಹಂಗಾಮು ಅಂತ ಹೇಳಿಬಿಡುತ್ತಿತ್ತು. ಈಗ ನಾವಿರುವುದು ಮೂರನೇ ಮಹಡಿಯ ಮನೆಯಲ್ಲಿ. ಧೂಳು ಬರುತ್ತದೆ ಅಂತ ಕಿಟಕಿ ಮುಚ್ಚಿರುತ್ತೇವೆ. ಶಾಲೆ ವ್ಯಾನಿನ ಗಾಜೂ ಮುಚ್ಚಿರುತ್ತದೆ. ಹಾಳೆ ಹಾರುತ್ತವೆ ಅಂತ ತರಗತಿಯಲ್ಲೂ ಕಿಟಕಿ ತೆಗೆಯುವುದಿಲ್ಲವಂತೆ. ಮಗಳಿಗೆ ಗೊತ್ತಿರುವುದು ಫ್ಯಾನಿನ ಗಾಳಿ, ಕೂಲರಿನ ಗಾಳಿ. ಅದಕ್ಕೆ ದಿಕ್ಕಿಲ್ಲ, ವಾಸನೆ ಇಲ್ಲ, ಒಂದರಿಂದ ಐದರವರೆಗೆ ನಂಬರ್ ಇದೆ ಅಷ್ಟೆ.

ಹೀಗಾಗಿ ಕೇಳುತ್ತಿದ್ದೇನೆ. ಒಂದು ವರ್ಷದಲ್ಲಿ ನಮ್ಮ ಕಡೆಯ ಗಾಳಿಗಳನ್ನೆಲ್ಲ ಮಗುವಿಗೆ ಪರಿಚಯ ಮಾಡಿಸಬೇಕು ಅಂದರೆ ಎಲ್ಲಿಗೆ, ಯಾವಾಗ ಕರೆದುಕೊಂಡು ಹೋಗಲಿ? ವಿಜಯಪುರ, ಬಾಗಲಕೋಟೆ, ಬೆಳಗಾವಿ, ಎಲ್ಲಾದರೂ ಸರಿ.

---

ಬುರುಜಿನ ಮೆಟ್ಟಿಲು, ವಿಜಯಪುರ – ಜೂನ್ 24

ನಾಳೆ ಸಂಜೆಯೇ ಉಪ್ಪಲಿ ಬುರುಜಿಗೆ ಕರೆದುಕೊಂಡು ಹೋಗಿ. 1584ರಲ್ಲಿ ಕಟ್ಟಿದ್ದು, ಸುಮಾರು 80 ಅಡಿ ಎತ್ತರ. ಮೆಟ್ಟಿಲು ಹೊರಗಡೆ ಸುತ್ತಿಕೊಂಡು ಹೋಗುತ್ತವೆ, ಅದೇ ಚೆಂದ. ಗಾಳಿ ಬೀಸುವ ಬದಿಗೆ ಬಂದಾಗ ಅಂಗಿ ಉಬ್ಬುತ್ತದೆ. ಮರೆಯ ಬದಿಗೆ ಹೋದರೆ ಎಲ್ಲಾ ತಟ್ಟನೆ ಶಾಂತ. ಮತ್ತೆ ತಿರುಗಿದರೆ ಮತ್ತೆ ಗಾಳಿ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ನೀವು ಹೇಳಿಕೊಡುವುದೇ ಬೇಡ, ಮಗುವಿನ ಮೈಗೇ ತಿಳಿಯುತ್ತದೆ. ಕೈ ಮಾತ್ರ ಬಿಡಬೇಡಿ.

ಗೋಳಗುಮ್ಮಟವನ್ನೂ ಬಿಡಬೇಡಿ. ಪಿಸುಮಾತಿನ ಗ್ಯಾಲರಿ ಎಲ್ಲರಿಗೂ ಗೊತ್ತು. ಆದರೆ ಮೂಲೆಯ ಏಳಂತಸ್ತಿನ ಗೋಪುರ ಹತ್ತುವಾಗ ಪ್ರತಿ ಅಂತಸ್ತಿನ ಕಮಾನಿನ ಹತ್ತಿರ ಒಂದು ನಿಮಿಷ ನಿಲ್ಲಿಸಿ. ಮೇಲೆ ಹೋದಷ್ಟೂ ಗಾಳಿ ಜೋರಾಗುತ್ತದೆ. ಮೇಲಿನ ಬಯಲಿಗೆ ಬಂದರೆ ಕಿವಿ ತುಂಬ ಗಾಳಿ. ಅಲ್ಲಿಂದ ಗುಮ್ಮಟದ ಬಾಗಿಲು ದಾಟಿ ಒಳಗೆ ಒಂದು ಹೆಜ್ಜೆ ಇಟ್ಟರೆ ಗಾಳಿ ನಿಂತೇ ಹೋಗುತ್ತದೆ. ನನ್ನ ಮಗ ಆ ಹೊಸ್ತಿಲ ಮೇಲೆ ಒಳಗೆ ಹೊರಗೆ ಹತ್ತು ಸಲ ಓಡಾಡಿದ್ದ. ಪ್ರತಿಧ್ವನಿಗಿಂತ ಅದೇ ಅವನಿಗೆ ಜಾಸ್ತಿ ನೆನಪಿದೆ.

---

ಮೂರನೇ ಇಯತ್ತೆ, ಹುನಗುಂದ ತಾಲೂಕು – ಜೂನ್ 25

ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ಮಗಳ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಅವಳಿಗೆ ಹೇಳಿ: ಇದು ಹೊಸದು. ನಿನ್ನೆಯದು ತುಂಬಾ ದೂರ ಹೋಗಿದೆ.

ಲೆಕ್ಕ ಹಾಕಿ ತೋರಿಸಬಹುದು. ಗಾಳಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಒಂದೇ ಸಮ ಬೀಸುತ್ತಿದೆ ಅಂದುಕೊಳ್ಳಿ. 24 ಗಂಟೆಗೆ 480 ಕಿ.ಮೀ. ಆಯಿತು. ಈಗ ಬೀಸುತ್ತಿರುವುದು ಪಡುವಣ ಗಾಳಿ. ಅಂದರೆ ನಿನ್ನೆ ಸಂಜೆ ಅವಳ ಕೆನ್ನೆ ಮುಟ್ಟಿದ ಗಾಳಿ ಇವತ್ತು ಹೈದರಾಬಾದ್ ದಾಟಿ ಹೋಗಿರುತ್ತದೆ. ಇವತ್ತು ಮುಟ್ಟುತ್ತಿರುವ ಗಾಳಿ ನಿನ್ನೆ ಇದೇ ಹೊತ್ತಿಗೆ ಅರಬ್ಬಿ ಸಮುದ್ರದ ಮೇಲಿತ್ತು. ಅದಕ್ಕೂ ಮುಂಚೆ? ಭೂಮಧ್ಯರೇಖೆಯ ಆಚೆ, ಹಿಂದೂ ಮಹಾಸಾಗರದಲ್ಲಿ. ಭೂಮಿ ತಿರುಗುವುದರಿಂದ ರೇಖೆ ದಾಟಿದ ಮೇಲೆ ಅದು ಬಲಕ್ಕೆ ಬಾಗಿ ನಮ್ಮ ಕಡೆ ಬರುತ್ತದೆ. ಸಮುದ್ರ ನೋಡದ ನಮ್ಮ ಮಕ್ಕಳ ಮುಖದ ಮೇಲೆ ಜೂನ್ ತಿಂಗಳಲ್ಲಿ ಸಮುದ್ರದ ಗಾಳಿ ಆಡುತ್ತದೆ. ಇದನ್ನು ಹೇಳಿದಾಗ ನಮ್ಮ ಹುಡುಗಿಯೊಬ್ಬಳು ನಾಲಿಗೆ ಚಾಚಿ ಉಪ್ಪಿದೆಯಾ ಅಂತ ನೋಡಿದಳು.

ನಮ್ಮ ಶಾಲೆಯ ಅಂಗಳದಲ್ಲಿ ಒಂದು ಗಳ ನೆಟ್ಟು ಅದರ ತುದಿಗೆ ಹಳೆಯ ಧೋತರದ ಗಾಳಿಚೀಲ ಕಟ್ಟಿದ್ದೇವೆ. ದಿನಾ ಪ್ರಾರ್ಥನೆ ಆದ ಮೇಲೆ ಒಬ್ಬರು ನೋಡಿ ಹಲಗೆಯ ಮೇಲೆ ಬರೆಯುತ್ತಾರೆ. ಮೊದಲ ವಾರ ಎಲ್ಲರೂ ತಪ್ಪು ಬರೆದರು. ಚೀಲದ ಬಾಲ ಮೂಡಣಕ್ಕಿದ್ದರೆ 'ಮೂಡಣ ಗಾಳಿ' ಅಂತ ಬರೆಯುತ್ತಿದ್ದರು. ಗಾಳಿಗೆ ಅದು ಬಂದ ಊರಿನ ಹೆಸರು, ಹೋಗುವ ಊರಿನದಲ್ಲ ಅಂತ ಹೇಳಿದೆ. ಮದುವೆಯಾಗಿ ಬಂದ ಸೊಸೆಯನ್ನು ತವರಿನ ಹೆಸರು ಹಿಡಿದು ಕರೆಯುವುದಿಲ್ಲವಾ, ಹಾಗೆ. ಅಲ್ಲಿಂದ ಮುಂದೆ ತಪ್ಪಲಿಲ್ಲ.

ಜೋರು ಅಳೆಯಲು ಯಂತ್ರ ಬೇಡ. ಬ್ಯೂಫೋರ್ಟ್ ಮಾಪಕ ಅಂತ ಒಂದಿದೆ. 1805ರಲ್ಲಿ ಒಬ್ಬ ನೌಕಾಧಿಕಾರಿ ಸಮುದ್ರಕ್ಕೆಂದು ಮಾಡಿದ್ದು, ಆಮೇಲೆ ನೆಲಕ್ಕೂ ಹೊಂದಿಸಿದರು. ಸೊನ್ನೆಯಿಂದ 12ರವರೆಗೆ ಇದೆ. ನಮ್ಮ ಮಕ್ಕಳು ಅದನ್ನು ನಮ್ಮ ಊರಿಗೆ ಹೊಂದಿಸಿಕೊಂಡಿದ್ದಾರೆ. ಮುಖಕ್ಕೆ ಗಾಳಿ ತಿಳಿದು ಎಲೆ ಸರಸರ ಅಂದರೆ 2. ಗುಡಿಯ ಬಾವುಟ ಬಿಚ್ಚಿಕೊಂಡು ನಿಂತರೆ 3. ಧೂಳು, ಕಾಗದ ಎದ್ದರೆ 4, ಅಂದರೆ ಗಂಟೆಗೆ 20ರಿಂದ 28 ಕಿ.ಮೀ. ಎಳೆಯ ಬೇವಿನ ಗಿಡ ಪೂರ್ತಿ ತೂಗಿದರೆ 5. ವಿದ್ಯುತ್ ತಂತಿ ಸಿಳ್ಳೆ ಹಾಕಿದರೆ 6. ಒಂದು ಎಚ್ಚರಿಕೆ ಬೇಕು. ಅರಳಿ ಮರವನ್ನು ನಂಬಬೇಡಿ. ಅದರ ಎಲೆಯ ತೊಟ್ಟು ಉದ್ದ, ತೆಳುವು. ಉಸಿರಿನಷ್ಟು ಗಾಳಿಗೂ ಅದು ಕುಣಿಯುತ್ತದೆ.

---

ಟಿಳಕವಾಡಿ ಛತ್ರಿ, ಬೆಳಗಾವಿ – ಜೂನ್ 25

ನಿಮ್ಮಲ್ಲಿ ಒಣ ಗಾಳಿ, ನಮ್ಮಲ್ಲಿ ಅದೇ ಗಾಳಿ ತೊಯ್ದು ಬರುತ್ತದೆ. ಒಂದೇ ಗಾಳಿ ಅಂತ ಮಕ್ಕಳಿಗೆ ನಂಬಿಸುವುದು ಕಷ್ಟ. ಸಹ್ಯಾದ್ರಿ ಹತ್ತುವಾಗ ಅದು ತಣ್ಣಗಾಗಿ ನೀರು ಸುರಿಸುತ್ತದೆ. ಖಾನಾಪುರ, ಜಾಂಬೋಟಿ ಕಡೆ ತುಂಬಾ, ಬೆಳಗಾವಿಗೆ ವರ್ಷಕ್ಕೆ 1200 ಮಿ.ಮೀ. ಮೇಲೆ. ಇಳಿದು ವಿಜಯಪುರಕ್ಕೆ ಬರುವ ಹೊತ್ತಿಗೆ ಜೇಬು ಖಾಲಿ. ಅಲ್ಲಿಗೆ ಸುಮಾರು 600.

ನಮ್ಮ ಓಣಿಯ ಮಕ್ಕಳಿಗೆ ಮಳೆಗಾಲದ ಗಾಳಿ ಅಂದರೆ ಛತ್ರಿ. ಗಾಳಿಗೆ ಬೆನ್ನು ಕೊಟ್ಟು ಹಿಡಿದರೆ ತಿರುವುಮುರುವಾಗುತ್ತದೆ, ಗಾಳಿಯ ಕಡೆಗೇ ಬಾಗಿಸಿ ಹಿಡಿದರೆ ಉಳಿಯುತ್ತದೆ. ಇದನ್ನು ಯಾರೂ ಕಲಿಸುವುದಿಲ್ಲ. ಎರಡು ಛತ್ರಿ ಮುರಿದ ಮೇಲೆ ತಾನಾಗಿ ಬರುತ್ತದೆ. ದಯವಿಟ್ಟು ಮಕ್ಕಳಿಗೆ ಬರೀ ರೇನ್‌ಕೋಟ್ ಹಾಕಿಸಬೇಡಿ. ಒಂದು ಛತ್ರಿ ಮುರಿಯಲು ಬಿಡಿ.

ಒಂದು ದಿನ ಬಿಡುವು ಮಾಡಿಕೊಂಡು ಯಳ್ಳೂರಿನ ರಾಜಹಂಸಗಡಕ್ಕೆ ಬನ್ನಿ. ಮೋಡ ಕೋಟೆಯ ಗೋಡೆಯ ಮೇಲಿಂದಲೇ ಹೋಗುತ್ತಿರುತ್ತದೆ. ಗಾಳಿಯನ್ನು ಕಣ್ಣಿಂದ ನೋಡಬೇಕು ಅನ್ನುವ ಮಗುವಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಜುಲೈ, ಆಗಸ್ಟ್‌ನಲ್ಲಿ ಹೊಳೆ ತುಂಬಿದ್ದರೆ ಗೋಕಾಕ ಫಾಲ್ಸ್ ಕೂಡ. ಘಟಪ್ರಭೆ 52 ಮೀಟರ್ ಕೆಳಗೆ ಬೀಳುತ್ತದೆ. ಗಾಳಿ ತಿರುಗಿದಾಗ ತುಂತುರು ಇಲ್ಲಿ ದೂರ ನಿಂತವರ ಮುಖಕ್ಕೆ ಬರುತ್ತದೆ. ಗಾಳಿ ಬೇರೆ ಕಡೆ ಹೋದರೆ ಒಂದು ಹನಿಯೂ ಇಲ್ಲ. ಕಟಾಂಜನದ ಒಳಗೇ ನಿಲ್ಲಿ.

---

ನವನಗರದವಳು, ಬಾಗಲಕೋಟೆ – ಜೂನ್ 26

ಎಲ್ಲರೂ ಕಿಟಕಿ ತೆಗೆಯಿರಿ, ಹೊರಗೆ ಕಳಿಸಿ ಅನ್ನುತ್ತಿದ್ದೀರಿ. ನನ್ನ ಮಾತನ್ನೂ ಸ್ವಲ್ಪ ಕೇಳಿ.

ನನ್ನ ಮಗನಿಗೆ ಎಂಟು ವರ್ಷ. ಅಸ್ತಮಾ ಇದೆ. ಧೂಳಿನ ಗಾಳಿ ಬಂದ ದಿನ ರಾತ್ರಿ ಅವನ ಎದೆಯ ಸುಂಯ್ ಸುಂಯ್ ಸದ್ದು ಕೇಳುತ್ತಾ ಕೂತಿರುತ್ತೇನೆ. ಆ ಸದ್ದೂ ಗಾಳಿಯದೇ ಅಲ್ವಾ? ತೊಗರಿ ರಾಶಿ, ಜೋಳದ ರಾಶಿ ನಡೆಯುವಾಗ ಊರಿಗೆ ಹೋಗುವುದನ್ನೇ ಬಿಟ್ಟಿದ್ದೇವೆ. ಬೇಸಿಗೆಯಲ್ಲಿ ಆಲಮಟ್ಟಿ ಜಲಾಶಯದ ಹಿನ್ನೀರು ಹಿಂದೆ ಸರಿದಾಗ ಬಯಲಾದ ನೆಲದ ಮಣ್ಣು ಎದ್ದು ಬರುತ್ತದೆ. ಕಿಟಕಿ ಮುಚ್ಚುವ ತಾಯಂದಿರೆಲ್ಲ ಸುಮ್ನೆ ಮುಚ್ಚುವುದಿಲ್ಲ. ಕೆಲವರು ಅನುಭವದಿಂದ ಮುಚ್ಚುತ್ತಾರೆ.

---

ಎರೆಮಣ್ಣು, ವಿಜಯಪುರ – ಜೂನ್ 26

ನೀವು ಹೇಳಿದ್ದು ಸರಿ ಇದೆ ಅಕ್ಕಾ. ಇದು ನನಗೆ ಹೊಳೆದೇ ಇರಲಿಲ್ಲ. ಮಗನಿಗೆ ಒಳ್ಳೆಯದೆನಿಸುವ ಗಾಳಿ ಯಾವುದೂ ಇಲ್ಲವಾ?

---

ನವನಗರದವಳು, ಬಾಗಲಕೋಟೆ – ಜೂನ್ 26

ಇದೆ. ನಾಲ್ಕು ಮಳೆ ಬಿದ್ದು ನೆಲ ಹಸಿಯಾದ ಮೇಲಿನ ಗಾಳಿ. ಶ್ರಾವಣದಲ್ಲಿ ಸಂಜೆ ಹಿನ್ನೀರಿನ ಕಡೆಯಿಂದ ತಣ್ಣಗೆ ಬರುತ್ತದೆ. ಆಗ ಅವನನ್ನು ಕರೆದುಕೊಂಡು ಹೋಗುತ್ತೇನೆ, ಇನ್‌ಹೇಲರ್ ನನ್ನ ಚೀಲದಲ್ಲೇ ಇರುತ್ತದೆ. ಅವನು ಅದಕ್ಕೆ 'ತೊಳೆದ ಗಾಳಿ' ಅನ್ನುತ್ತಾನೆ.

---

ಮೂರನೇ ಇಯತ್ತೆ, ಹುನಗುಂದ ತಾಲೂಕು – ಜೂನ್ 26

ತೊಳೆದ ಗಾಳಿ! ನಾಳೆ ನಮ್ಮ ಹಲಗೆಯ ಮೇಲೆ ಈ ಹೆಸರು ಬರೆಯುತ್ತೇನೆ. ಅಕ್ಕಾ, ನೀವು ಹೇಳಿದ್ದನ್ನು ತರಗತಿಯಲ್ಲೂ ನೆನಪಿಟ್ಟುಕೊಳ್ಳುತ್ತೇನೆ. ಧೂಳು ಎದ್ದ ದಿನ ಎಲ್ಲರನ್ನೂ ಹೊರಗೆ ನಿಲ್ಲಿಸಬಾರದು ಅಂತ ನನಗೂ ತಿಳಿದಿರಲಿಲ್ಲ.

---

ಗುಡ್ಡದ ರೆಕ್ಕೆ, ಸವದತ್ತಿ – ಜುಲೈ 9

ನಾನು ಗಾಳಿಯಂತ್ರಗಳ ದುರಸ್ತಿ ಕೆಲಸದಲ್ಲಿದ್ದೇನೆ. ಯಲ್ಲಮ್ಮನ ಗುಡ್ಡದ ಸುತ್ತ ನೀವು ನೋಡುವ ದೊಡ್ಡ ಬಿಳಿ ರೆಕ್ಕೆಗಳು ನಮ್ಮ ಕೆಲಸ. ಗುಡ್ಡಕ್ಕೆ ಬಂದ ಮಕ್ಕಳು ಬಸ್ಸಿನ ಕಿಟಕಿಯಿಂದ 'ಫ್ಯಾನ್, ಫ್ಯಾನ್' ಅಂತ ಕೂಗುತ್ತಾರೆ. ಫ್ಯಾನ್ ಕರೆಂಟ್ ತಿಂದು ಗಾಳಿ ಕೊಡುತ್ತದೆ, ಇದು ಗಾಳಿ ತಿಂದು ಕರೆಂಟ್ ಕೊಡುತ್ತದೆ ಅಂತ ಹೇಳಿ ನೋಡಿ. ಮುಖ ಅರಳುತ್ತದೆ.

ಇನ್ನೊಂದು ಗುಟ್ಟು ಹೇಳುತ್ತೇನೆ. ರೆಕ್ಕೆ ತಿರುಗುವುದನ್ನಷ್ಟೇ ನೋಡಬೇಡಿ, ಯಂತ್ರದ ಮುಖ ಯಾವ ಕಡೆಗಿದೆ ಅಂತ ನೋಡಿ. ಗಾಳಿ ಎಲ್ಲಿಂದ ಬರುತ್ತದೋ ಅಲ್ಲಿಗೆ ಅದರ ತಲೆ ತಾನಾಗಿ ತಿರುಗುತ್ತದೆ. ಈಗ ಎಲ್ಲವೂ ಪಡುವಣಕ್ಕೆ ಮುಖ ಮಾಡಿ ನಿಂತಿವೆ. ದೀಪಾವಳಿ ಆದ ಮೇಲೆ ಬನ್ನಿ, ಹೆಚ್ಚಿನ ದಿನ ಮೂಡಣ ದಿಕ್ಕಿಗೆ ತಿರುಗಿರುತ್ತವೆ. ಹಂಗಾಮು ಬದಲಾಗಿದ್ದನ್ನು ಅಷ್ಟು ದೂರದಿಂದಲೇ ಮಗು ಓದಬಹುದು. ಗಾಳಿ ಸೆಕೆಂಡಿಗೆ ಸುಮಾರು 3 ಮೀಟರ್ ಆದರೆ ರೆಕ್ಕೆ ಕೆಲಸ ಶುರು ಮಾಡುತ್ತದೆ. 25 ಮೀಟರ್ ಮುಟ್ಟಿದರೆ ತಾನೇ ನಿಲ್ಲುತ್ತದೆ, ಇಲ್ಲದಿದ್ದರೆ ಮುರಿಯುತ್ತದೆ. ನಮಗೆ ಜೂನ್‌ನಿಂದ ಆಗಸ್ಟ್‌ವರೆಗೆ ಸುಗ್ಗಿ. ಊರವರು ಆಷಾಢದ ಗಾಳಿಗೆ ಬೈಯುವಾಗ ನಾವು ಮಾತ್ರ ಖುಷಿಯಾಗಿರುತ್ತೇವೆ.

---

ಕಣದ ಕಾವಲು, ಬಸವನ ಬಾಗೇವಾಡಿ ತಾಲೂಕು – ಜುಲೈ 10

ಎಳೆಗೂಸುಗಳ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅಮ್ಮ ಮೊಮ್ಮಕ್ಕಳಿಗೆ ಗುಳೇದಗುಡ್ಡ ಖಣದಲ್ಲಿ ಕುಂಚಿಗೆ ಹೊಲಿಯುತ್ತಿದ್ದರು. ತಲೆ, ಕಿವಿ ಮುಚ್ಚಿ ಬೆನ್ನ ಮೇಲೆ ಇಳಿಬಿಡುವುದು. ಆಷಾಢದ ಗಾಳಿ ಕಿವಿಗೆ ಹೋಗಬಾರದು ಅಂತ. ಆದರೆ ಕೂಸನ್ನು ಒಳಗೆ ಕೂಡಿಹಾಕುತ್ತಿರಲಿಲ್ಲ. ಕುಂಚಿಗೆ ಕಟ್ಟಿ ಕಟ್ಟೆಯ ಮೇಲೆ ತೊಡೆಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ಮುಖ ಮಾತ್ರ ಗಾಳಿಗೆ. ಕೂಸು ಉಸಿರು ಹಿಡಿದು, ಕಣ್ಣು ಪಿಳಿಪಿಳಿ ಮಾಡಿ, ಆಮೇಲೆ ನಗುತ್ತಿತ್ತು. ಈಗಿನವರು ಒಂದೋ ಪೂರ್ತಿ ಮುಚ್ಚುತ್ತೇವೆ, ಇಲ್ಲಾ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿ ಎದುರುಗಾಳಿಗೆ ಹಿಡಿಯುತ್ತೇವೆ. ನಡುವಿನದ್ದು ಕುಂಚಿಗೆಗೆ ಗೊತ್ತಿತ್ತು.

---

ಎರೆಮಣ್ಣು, ವಿಜಯಪುರ – ಆಗಸ್ಟ್

ಪಂಚಮಿಗೆ ತವರಿಗೆ ಹೋಗಿ ಬಂದೆ. ಬೇವಿನ ಮರಕ್ಕೆ ಅಣ್ಣ ಜೋಕಾಲಿ ಕಟ್ಟಿದ್ದ. ಮೊದಲ ದಿನ ಮಗಳು ಹತ್ತಲೇ ಇಲ್ಲ. ಎರಡನೇ ದಿನ ಇಳಿಯಲೇ ಇಲ್ಲ.

ಗಾಳಿ ಸಣ್ಣಗಿತ್ತು. ಆದರೆ ಜೋಕಾಲಿ ಜೀಕಿದಾಗ ಮುಖಕ್ಕೆ ಗಾಳಿ ಬರುತ್ತದಲ್ಲ, ಅದು ಅವಳನ್ನು ಕಾಡಿತು. "ಈ ಗಾಳಿ ಎಲ್ಲಿಂದ ಬಂತು? ಮರದ ಎಲೆ ಅಲ್ಲಾಡುತ್ತಾನೇ ಇಲ್ಲ" ಅಂದಳು. ಇದು ನೀನೇ ಮಾಡಿದ ಗಾಳಿ ಅಂದೆ. ಸ್ವಲ್ಪ ಯೋಚಿಸಿ ಹೇಳಿದಳು: "ಹಾಗಾದರೆ ಗಾಳಿ ನಿಂತಿದೆ, ನಾನು ಬೀಸುತ್ತಿದ್ದೇನೆ." ಮಾಸ್ತರರೇ, ಇದನ್ನು ನಿಮಗೆ ಹೇಳಲೇಬೇಕು ಅನ್ನಿಸಿತು.

---

ಮೂರನೇ ಇಯತ್ತೆ, ಹುನಗುಂದ ತಾಲೂಕು – ಆಗಸ್ಟ್

ಎರಡು ಸಲ ಓದಿದೆ. ನನ್ನ ಮೂರನೇ ಇಯತ್ತೆಯಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿಲ್ಲ. ನಾನೂ ಹೇಳಿರಲಿಲ್ಲ.

---

ಬೆಲ್ಲದೂರು, ಮಹಾಲಿಂಗಪುರ – ನವೆಂಬರ್

ಈ ಚರ್ಚೆ ನಿಂತುಹೋಗಬಾರದು ಅಂತ ಮತ್ತೆ ಮೇಲೆ ತರುತ್ತಿದ್ದೇನೆ. ಈಗ ಗಾಳಿ ತಿರುಗಿದೆ. ಬೆಳಗ್ಗೆ ಮೂಡಗಾಳಿ ಸಣ್ಣಗೆ, ತೆಳ್ಳಗೆ, ಒಣದಾಗಿ ಬರುತ್ತಿದೆ. ತುಟಿ ಒಡೆಯಲು ಶುರುವಾಗಿದೆ.

ನನ್ನ ಅಕ್ಕನ ಮಗನಿಗೆ ಒಂಬತ್ತು ವರ್ಷ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಗಾಳಿಯ ಬಗ್ಗೆ ಅವನೇ ಗುರು. ಬಾಗಿಲಿಗೆ ಬಂದು ಒಂದು ಕ್ಷಣ ನಿಂತು ಹೇಳುತ್ತಾನೆ: "ಇವತ್ತು ಗಾಣದ ಕಡೆಯಿಂದ." ಕಬ್ಬು ನುರಿಯುವ ಹಂಗಾಮು ಇದು. ನಮ್ಮೂರಿನ ಬೆಲ್ಲಕ್ಕೆ ದೊಡ್ಡ ಹೆಸರಿದೆ. ಕೊಪ್ಪರಿಗೆಯಲ್ಲಿ ರಸ ಕುದಿಯುವ ವಾಸನೆ ಒಂದು ದಿಕ್ಕಿನಿಂದ ಬರುತ್ತದೆ, ಸಕ್ಕರೆ ಕಾರ್ಖಾನೆಯ ಕಟುವಾದ ವಾಸನೆ ಇನ್ನೊಂದು ದಿಕ್ಕಿನಿಂದ. ಒದ್ದೆ ಹೊಲಕ್ಕೆ ನೀರು ಬಿಟ್ಟಿದ್ದರೆ ಅದೂ ಅವನಿಗೆ ಗೊತ್ತಾಗುತ್ತದೆ.

ದಿಕ್ಕು ಹೇಗೆ ಇಷ್ಟು ಸರಿಯಾಗಿ ಹೇಳುತ್ತೀಯಾ ಅಂತ ಕೇಳಿದೆ. ಅವನು ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ ತೋರಿಸಿದ. ಎರಡೂ ಕಿವಿಯಲ್ಲಿ ಗಾಳಿಯ ಸದ್ದು ಸಮ ಆದಾಗ ಮೂಗು ಗಾಳಿಗೆ ನೇರವಾಗಿದೆ ಅಂತ ಅರ್ಥ. ನಾನು ಕಣ್ಣು ಮುಚ್ಚಿ ಮಾಡಿ ನೋಡಿದೆ. ನಿಜ. ನಲವತ್ತು ವರ್ಷ ಈ ಕಿವಿ ಇಟ್ಟುಕೊಂಡೂ ನನಗೆ ತಿಳಿದಿರಲಿಲ್ಲ. ನಿಮ್ಮ ಮಕ್ಕಳಿಗೆ ಹೇಳಿಕೊಡಿ. ಅವನಿಗೂ ಖುಷಿಯಾಗುತ್ತದೆ.

---

ಎರೆಮಣ್ಣು, ವಿಜಯಪುರ – ನವೆಂಬರ್

ಈಗಷ್ಟೇ ಮಾಳಿಗೆಯ ಮೇಲೆ ಇಬ್ಬರೂ ಮಾಡಿ ನೋಡಿದೆವು. ಮಗಳು ನನಗಿಂತ ಬೇಗ ಹಿಡಿದಳು. ಅವನಿಗೆ ಹೇಳಿ, ವಿಜಯಪುರದಲ್ಲಿ ಒಬ್ಬ ಶಿಷ್ಯೆ ಸಿಕ್ಕಿದ್ದಾಳೆ ಅಂತ.

---

ಟಿಳಕವಾಡಿ ಛತ್ರಿ, ಬೆಳಗಾವಿ – ಜನವರಿ

ಸಂಕ್ರಾಂತಿ ಸುತ್ತಮುತ್ತ ನಮ್ಮಲ್ಲಿ ಗಾಳಿಪಟದ ಉತ್ಸವ ನಡೆಯುತ್ತದೆ. ಹೊರದೇಶದವರೂ ದೊಡ್ಡ ದೊಡ್ಡ ಪಟ ತರುತ್ತಾರೆ. ಮಕ್ಕಳು ಕತ್ತು ಎತ್ತಿ ನೋಡುತ್ತಾ ನಿಲ್ಲುತ್ತಾರೆ. ಚೆನ್ನಾಗಿದೆ. ಆದರೆ ಕತ್ತು ಎತ್ತಿ ನೋಡುವುದಕ್ಕಿಂತ ದಾರ ಹಿಡಿಯುವುದು ದೊಡ್ಡದು. ದಾರ ಬೆರಳಿನಲ್ಲಿದ್ದರೆ, ನೂರಡಿ ಮೇಲಿನ ಗಾಳಿಯ ನಾಡಿ ಮಗುವಿನ ಕೈಗೆ ಸಿಗುತ್ತದೆ. ಕೆಳಗೆ ಎಲೆ ಅಲುಗದಿದ್ದರೂ ಮೇಲೆ ಜಗ್ಗುತ್ತಿರುತ್ತದೆ.

ಹಳೆಯ ಪೇಪರ್, ಕಸಬರಿಗೆಯ ಎರಡು ಕಡ್ಡಿ, ಅನ್ನದ ಅಂಟು, ಹಳೆಯ ಸೀರೆಯ ಅಂಚಿನ ಬಾಲಂಗೋಚಿ ಸಾಕು. ಪಟ ಸುಮ್ನೆ ಗಿರಕಿ ಹೊಡೆದರೆ ಬಾಲಂಗೋಚಿ ಉದ್ದ ಮಾಡಿ. ಏಳದೇ ಇದ್ದರೆ ಸೂತ್ರದ ಗಂಟು ಸ್ವಲ್ಪ ಮೇಲಕ್ಕೆ ಜರುಗಿಸಿ.

ಒಂದೇ ಒಂದು ಬೇಡಿಕೆ. ನೈಲಾನ್ ಮಾಂಜಾ ಬೇಡ. 2017ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶಾದ್ಯಂತ ನಿಷೇಧಿಸಿದೆ. ಆದರೂ ಮಾರುತ್ತಾರೆ, ಕೊಳ್ಳುತ್ತಾರೆ. ಬೈಕಿನಲ್ಲಿ ಹೋಗುವವರ ಕುತ್ತಿಗೆ, ಹಕ್ಕಿಯ ರೆಕ್ಕೆ ಎರಡನ್ನೂ ಅದು ಕೊಯ್ಯುತ್ತದೆ. ಹೋದ ವರ್ಷ ನಮ್ಮ ಮನೆಯ ಮುಂದಿನ ಮರದಲ್ಲಿ ಒಂದು ಗೂಬೆ ಸಿಕ್ಕಿಹಾಕಿಕೊಂಡಿತ್ತು. ಬಿಡಿಸಿದೆವು, ಉಳಿಯಲಿಲ್ಲ. ನನ್ನ ಮಗಳು ಆಮೇಲೆ ಮನೆಯಲ್ಲಿದ್ದ ಮಾಂಜಾ ಎಲ್ಲ ತಾನೇ ಕತ್ತರಿಸಿ ಹಾಕಿದಳು. ಹತ್ತಿಯ ದಾರ ಸಾಕು. ಕರೆಂಟ್ ತಂತಿ ಇಲ್ಲದ ಬಯಲು ನೋಡಿಕೊಳ್ಳಿ.

---

ಕಣದ ಕಾವಲು, ಬಸವನ ಬಾಗೇವಾಡಿ ತಾಲೂಕು – ಜನವರಿ

ನಮ್ಮ ಎಳ್ಳಮಾವಾಸ್ಯೆಯೂ ಆಯಿತು. ಹೊಲಕ್ಕೆ ಚರಗ ಚೆಲ್ಲಲು ಮಕ್ಕಳನ್ನೆಲ್ಲ ಕರೆದುಕೊಂಡು ಹೋಗಿದ್ದೆವು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಎಲ್ಲಾ ಆದ ಮೇಲೆ ದೊಡ್ಡವರು ಮಲಗಿದರು. ಮಕ್ಕಳು ಬಿಳಿಜೋಳದ ಸಾಲಿನೊಳಗೆ ಹೊಕ್ಕರು. ತಲೆಗಿಂತ ಎತ್ತರದ ಬೆಳೆ. ಒಳಗೆ ಗಾಳಿ ಇಲ್ಲ. ಸದ್ದು ಮಾತ್ರ ಮೇಲಿಂದ ಹಾದು ಹೋಗುತ್ತದೆ. ಗಾಳಿ ಹೊಲದ ಆ ತುದಿಯಲ್ಲಿ ಹುಟ್ಟಿ ಈ ತುದಿಗೆ ಬರುವುದನ್ನು ಕಿವಿಯಲ್ಲೇ ಹಿಂಬಾಲಿಸಬಹುದು. ಏಳೆಂಟು ಮಕ್ಕಳು ಒಂದು ಮಾತಿಲ್ಲದೆ ಕೂತಿದ್ದರು. ಮನೆಯಲ್ಲಿ ಒಂದು ಗಳಿಗೆ ಸುಮ್ಮನಿರದ ಮಕ್ಕಳು!

ಹಾಗೆಯೇ ತೂರುವುದರ ಬಗ್ಗೆ ಬರೆಯುತ್ತೇನೆ. 'ಗಾಳಿ ಬಂದಾಗ ತೂರಿಕೋ' ಅಂತ ಎಲ್ಲರೂ ಹೇಳುತ್ತಾರೆ. ತೂರಿದ್ದನ್ನು ನೋಡಿದ ಮಕ್ಕಳು ಈಗ ಎಷ್ಟು ಜನ ಇದ್ದಾರೆ? ರಾಶಿ ಮಷಿನ್ ಬಂದ ಮೇಲೆ ಗಾಳಿಗೆ ಕಾಯುವ ಕೆಲಸವೇ ಇಲ್ಲ. ನಾನು ಚಿಕ್ಕವನಿದ್ದಾಗ ಕಣದಲ್ಲಿ ಅಪ್ಪ ಮೂರುಕಾಲಿನ ಎತ್ತರದ ಮೆಟ್ಟಿನ ಮೇಲೆ ನಿಲ್ಲುತ್ತಿದ್ದ. ನಾವು ಬುಟ್ಟಿ ತುಂಬಿ ಕೊಡುತ್ತಿದ್ದೆವು. ಗಾಳಿ ಬಿದ್ದುಹೋದರೆ ಎಲ್ಲರೂ ಕೂತುಬಿಡುತ್ತಿದ್ದೆವು. ಮಾಘ ಮಾಸದ ಗಾಳಿ ಬೆಳಗ್ಗೆ ಒಂದು ಕಡೆ, ಸಂಜೆ ಒಂದು ಕಡೆ. ನನ್ನ ಕೆಲಸ ಒಂದು ಹಿಡಿ ಹೊಟ್ಟು ಎತ್ತಿ ಬಿಟ್ಟು ನೋಡುವುದು. ಅದು ನೇರ ಬಿದ್ದರೆ 'ಇಲ್ಲ' ಅನ್ನಬೇಕು. ಓರೆಯಾಗಿ ಹೋದರೆ 'ಬಂತು' ಅಂತ ಕೂಗಬೇಕು. ಕೆಲವು ಸಲ ರಾತ್ರಿ ಎರಡು ಗಂಟೆಗೆ ಗಾಳಿ ಬರುತ್ತಿತ್ತು. ಬೆಳದಿಂಗಳಲ್ಲಿ ಕಾಳು ಹತ್ತಿರ ಬೀಳುತ್ತಿತ್ತು, ಹೊಟ್ಟು ದೂರ ಹಾರಿ ಬೆಳ್ಳಗೆ ಹೊಳೆಯುತ್ತಿತ್ತು. ಏಳು ವರ್ಷದ ಹುಡುಗ ಕೂಗಿದ ಮಾತಿಗೆ ಇಡೀ ಮನೆ ಎದ್ದು ನಿಲ್ಲುತ್ತಿತ್ತು. ಅಷ್ಟು ದೊಡ್ಡ ಜವಾಬ್ದಾರಿ ನನಗೆ ಆಮೇಲೆ ಯಾರೂ ಕೊಡಲಿಲ್ಲ.

ಈ ಸಲ ಒಂದೇ ಒಂದು ಚೀಲ ಜೋಳವನ್ನು ಮಷಿನ್‌ಗೆ ಕೊಡದೆ ಉಳಿಸುತ್ತೇನೆ. ಎರೆಮಣ್ಣು ತಾಯಿ, ಫೆಬ್ರವರಿ ಕೊನೆಗೆ ಮಗಳನ್ನು ಕರೆದುಕೊಂಡು ಬನ್ನಿ. ನವನಗರದ ತಾಯಿ, ನಿಮ್ಮ ಮಗನಿಗೆ ಇದು ಆಗುವುದಿಲ್ಲ ಅಂತ ಗೊತ್ತು. ಅವನಿಗೆ ಸೀತನಿ, ಅಂದರೆ ಸುಟ್ಟ ಎಳೆಜೋಳ ಕಳಿಸುತ್ತೇನೆ.

---

ಎರೆಮಣ್ಣು, ವಿಜಯಪುರ – ಮಾರ್ಚ್

ಹೋಗಿ ಬಂದೆವು. ಸಂಜೆ ಆರರವರೆಗೆ ಗಾಳಿಯೇ ಇಲ್ಲ. ಮಗಳು ಹೊಟ್ಟು ಎತ್ತಿ ಬಿಟ್ಟು 'ಇಲ್ಲ', 'ಇಲ್ಲ' ಅನ್ನುತ್ತಲೇ ಇದ್ದಳು. ನನಗೇ ಬೇಜಾರು ಬಂತು, ಅವಳಿಗೆ ಬರಲಿಲ್ಲ. ಆರೂವರೆಗೆ ಬಂತು. ಅವಳು ಕೂಗಿದ್ದು ಕೇಳಿ ಪಕ್ಕದ ಹೊಲದವರೂ ತಿರುಗಿ ನೋಡಿದರು. ಅರ್ಧ ಗಂಟೆಯಲ್ಲಿ ಚೀಲ ಮುಗಿಯಿತು. ಮೈಯೆಲ್ಲ ಸುಂಕು, ತುರಿಕೆ. ಸ್ನಾನ ಮಾಡಿಸುವಾಗ ಅತ್ತಳು. ಮತ್ತೆ ಯಾವಾಗ ಹೋಗುವುದು ಅಂತಲೂ ಕೇಳಿದಳು.

ಬರುವಾಗ ದಾರಿಯಲ್ಲಿ ಎಕ್ಕೆಯ ಕಾಯಿ ಒಡೆದಿದ್ದವು. ರೇಷ್ಮೆ ಕೂದಲಿನ ಬೀಜ ಗಾಳಿಯಲ್ಲಿ ತೇಲುತ್ತಿದ್ದವು. ನಾವು ಅದಕ್ಕೆ ಅಜ್ಜನ ಗಡ್ಡ ಅನ್ನುತ್ತಿದ್ದೆವು. ಒಂದನ್ನು ಹಿಡಿದು ಮನೆಗೆ ತಂದಿದ್ದಾಳೆ. ಎಕ್ಕೆಯ ಹಾಲು ಕಣ್ಣಿಗೆ ತಾಕಬಾರದು ಅಂತ ಕಾಯಿ ಮುಟ್ಟಲು ಬಿಡಲಿಲ್ಲ.

---

ಬುರುಜಿನ ಮೆಟ್ಟಿಲು, ವಿಜಯಪುರ – ಏಪ್ರಿಲ್

ಈಗ ಸುಳಿಗಾಳಿಯ ಹೊತ್ತು. ಮೊನ್ನೆ ಮಧ್ಯಾಹ್ನ ಮೈದಾನದಲ್ಲಿ ಎರಡಾಳೆತ್ತರದ್ದು ಎದ್ದಿತು. ಕಾಗದ, ಬೇವಿನ ಎಲೆ, ಪ್ಲಾಸ್ಟಿಕ್ ಎಲ್ಲಾ ಸುತ್ತುತ್ತಾ ಮೇಲೆ ಹೋದವು. ಹುಡುಗರು ದೆವ್ವ ಅಂತ ಓಡಿದರು. ನಾವೂ ಹಾಗೇ ಓಡುತ್ತಿದ್ದೆವು ಅಲ್ವಾ? ಮಾಸ್ತರರು ಏನು ಹೇಳುತ್ತೀರಿ ಮಕ್ಕಳಿಗೆ?

---

ಮೂರನೇ ಇಯತ್ತೆ, ಹುನಗುಂದ ತಾಲೂಕು – ಏಪ್ರಿಲ್

ನೆಲ ಕಾದಾಗ ಅದಕ್ಕೆ ಅಂಟಿಕೊಂಡ ಗಾಳಿ ಹಗುರಾಗಿ ಮೇಲೇಳುತ್ತದೆ. ಸುತ್ತಲಿನ ಗಾಳಿ ಆ ಜಾಗ ತುಂಬಲು ಓಡಿ ಬರುವಾಗ ಸುತ್ತು ಹಾಕಿಕೊಳ್ಳುತ್ತದೆ. ಅದಕ್ಕೇ ಅದು ಬಿಸಿಲು ಜೋರಿರುವ, ಬೇರೆ ಗಾಳಿ ಇಲ್ಲದ ಮಧ್ಯಾಹ್ನವೇ ಬರುತ್ತದೆ. ನಮ್ಮ ಮಕ್ಕಳು ಅದು ಎಡಕ್ಕೆ ಸುತ್ತುತ್ತದಾ ಬಲಕ್ಕಾ ಅಂತ ಬರೆದಿಡುತ್ತಿದ್ದಾರೆ. ಎರಡೂ ಇದೆ. ಎಣಿಸಲು ಶುರು ಮಾಡಿದ ಮೇಲೆ ಹೆದರಿಕೆ ಹೋಗಿದೆ. ಆದರೆ ದೆವ್ವದ ಕಥೆ ಹೇಳುವ ಅಜ್ಜಿಯರನ್ನು ನಾನು ತಡೆಯುವುದಿಲ್ಲ. ಕಥೆ ಇದ್ದದ್ದಕ್ಕೇ ಮಕ್ಕಳು ಅದನ್ನು ತಿರುಗಿ ನೋಡಿದರು. ಕಣ್ಣು ಮುಚ್ಚಿಕೊಂಡು ದೂರ ನಿಲ್ಲಿ ಅಂತಷ್ಟೇ ಹೇಳುತ್ತೇನೆ.

---

ಎರೆಮಣ್ಣು, ವಿಜಯಪುರ – ಮೇ

ನಿನ್ನೆ ಅಡ್ಡಮಳೆ ಬಂತು. ಮಧ್ಯಾಹ್ನವೆಲ್ಲ ಉಸಿರು ಕಟ್ಟಿದ ಹಾಗೆ ಸೆಖೆ. ನಾಲ್ಕಕ್ಕೆ ಮೂಡಣದಲ್ಲಿ ಕಪ್ಪು ಮೋಡ. ಆಮೇಲೆ ಒಮ್ಮೆಲೇ ತಣ್ಣನೆಯ ಗಾಳಿ ನುಗ್ಗಿತು, ಮಣ್ಣಿನ ವಾಸನೆ ಹೊತ್ತು. ಮಗಳು ಕಿಟಕಿಯಲ್ಲಿ ನಿಂತು, ತಲೆ ಆ ಕಡೆ ಈ ಕಡೆ ತಿರುಗಿಸಿ ಎರಡೂ ಕಿವಿ ಸಮ ಮಾಡಿಕೊಂಡಳು. "ಮೂಡಣ" ಅಂದಳು. "ಆದರೆ ಇದು ಚಳಿಗಾಲದ್ದಲ್ಲ. ಇದು ಮೋಡದಿಂದ ಬಿದ್ದದ್ದು."

ನಾನು ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ಮಳೆ ಹನಿಯಿಂದ ತಣ್ಣಗಾದ ಗಾಳಿ ಭಾರವಾಗಿ ಕೆಳಗೆ ಬಿದ್ದು ನೆಲದ ಮೇಲೆ ಹರಡುತ್ತದೆ ಅಂತ ನಾನೇ ಆಮೇಲೆ ಓದಿ ತಿಳಿದೆ. ಅವಳಿಗೆ ಹೇಗೆ ಗೊತ್ತಾಯಿತು ಅಂದರೆ, "ಮೇಲಿಂದ ತಣ್ಣಗೆ ಬಂತು, ಅದಕ್ಕೆ" ಅಂದಳು.

ಸಿಡಿಲು ಶುರುವಾದ ಮೇಲೆ ಕಿಟಕಿ ಮುಚ್ಚಿದೆವು. ಎದುರು ಮನೆಯ ತಗಡೊಂದು ಹಾರಿ ರಸ್ತೆಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆ ಗಾಳಿಯಲ್ಲಿ ಮಕ್ಕಳು ಹೊರಗಿರಬಾರದು, ಮರದ ಕೆಳಗಂತೂ ನಿಲ್ಲಲೇಬಾರದು. ಅದನ್ನೂ ಹೇಳಿದ್ದೇನೆ.

---

ನವನಗರದವಳು, ಬಾಗಲಕೋಟೆ – ಮೇ

ನಮ್ಮಲ್ಲೂ ನಾಲ್ಕು ಹನಿ ಬಿತ್ತು. ಮಗ ಇನ್ನೂ 'ತೊಳೆದಿಲ್ಲ, ಬರೀ ಚಿಮುಕಿಸಿದ್ದು' ಅಂತ ಹೇಳಿ ಒಳಗೇ ಕೂತಿದ್ದಾನೆ. ಮಾಸ್ತರರೇ, ಅವನಿಗೊಂದು ಗಾಳಿಚೀಲ ಬೇಕಂತೆ. ಕಿಟಕಿಯ ಒಳಗಿಂದ ನೋಡುತ್ತಾನಂತೆ. ಅಳತೆ ಹೇಳುತ್ತೀರಾ?

---

ಮೂರನೇ ಇಯತ್ತೆ, ಹುನಗುಂದ ತಾಲೂಕು – ಮೇ

ತೆಳುವಾದ ಹಳೆಯ ಧೋತರ ಅಥವಾ ಮಲ್ ಬಟ್ಟೆ ತೆಗೆದುಕೊಳ್ಳಿ. ಉದ್ದ ಒಂದು ಮೀಟರ್. ಬಾಯಿ ಒಂದು ಗೇಣು ಅಗಲ, ಬಾಲ ಅದರ ಅರ್ಧ, ಎರಡೂ ಕಡೆ ತೆರೆದಿರಬೇಕು. ಬಾಯಿಗೆ ತಂತಿಯ ಬಳೆ ಹಾಕಿ ಹೊಲಿಯಿರಿ. ಬಳೆಗೆ ಮೂರು ಕಡೆ ದಾರ ಕಟ್ಟಿ, ಮೂರನ್ನೂ ಒಂದು ಗಂಟಿಗೆ ಸೇರಿಸಿ. ಆ ಗಂಟನ್ನು ಗಳದ ತುದಿಗೆ ಸಡಿಲಾಗಿ ಕಟ್ಟಿ, ಸುತ್ತಲೂ ತಿರುಗುವ ಹಾಗೆ. ಗೋಡೆಯಿಂದ ದೂರ ಇರಲಿ, ಇಲ್ಲದಿದ್ದರೆ ಗೋಡೆಗೆ ಬಡಿದು ತಿರುಗಿದ ಗಾಳಿ ತಪ್ಪು ಹೇಳುತ್ತದೆ. ಕೆಂಪು ಬಣ್ಣ ಹಾಕಿದರೆ ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ.

ಮಿರಗಕ್ಕೆ ಇನ್ನೂ ಮೂರು ವಾರ ಇದೆ. ಅಷ್ಟರೊಳಗೆ ಕಟ್ಟಿ.